ನೋಲಾ ಟ್ರೆಂಬಾತ್ ಬೇಡವೆಂದ ಪಂಪು

ಜುಲೈನ ಒಂದು ಭಾನುವಾರ ಬೆಳಗ್ಗೆ, ದಡದ ಬಂಡೆಗೆ ಗೋಡೆ ಕಟ್ಟಿ ಮಾಡಿದ ನಮ್ಮೂರಿನ ಸಮುದ್ರಕೊಳದಲ್ಲಿ, ಮಕ್ಕಳು ಆಡುವ ಸೊಂಟದಾಳದ ನೀರಿನಲ್ಲಿ ನಾನು ತಲೆಕೆಳಗಾದೆ. ಗೆಳೆಯ ಕ್ಲಾರಿ ತನ್ನ ಗ್ಯಾರೇಜಿನಲ್ಲಿ ಕತ್ತರಿಸಿ ಅಂಟಿಸಿದ್ದ ರಬ್ಬರ್ ಉಡುಪಿನೊಳಗೆ ನನ್ನನ್ನು ಕತ್ತಿನವರೆಗೆ ತುರುಕಿದ್ದರು. ನೀರಿಗಿಳಿದದ್ದೇ ತಡ, ಒಳಗಿನ ಗಾಳಿಯೆಲ್ಲ ಕಾಲಿಗೆ ಹೋಗಿ ಸೇರಿಕೊಂಡಿತು. ಪಾದಗಳೆರಡೂ ಆಕಾಶಕ್ಕೆ, ತಲೆ ಮರಳಿಗೆ. ಇಬ್ಬರು ಮುದುಕರು ನನ್ನನ್ನು ಸೋಫಾ ತಿರುಗಿಸುವಂತೆ ತಿರುಗಿಸಿದರು. ಬ್ಯಾಟರಿಗಳ ಬದಲಿಗೆ ಪರೀಕ್ಷೆಗೆಂದು ಎದೆಯ ಮೇಲೆ ಇಟ್ಟಿದ್ದ ಎರಡು ಪೊಟ್ಟಣ ಬಿಸ್ಕತ್ತು ಅಂಬಲಿಯಾಗಿತ್ತು.

ಕೊಳದ ಮೆಟ್ಟಿಲ ಮೇಲೆ ಕತ್ತಿನಮಟ್ಟ ನೀರಿನಲ್ಲಿ ಕೂತಿದ್ದ ನೋಲಾ ಇದನ್ನೆಲ್ಲ ನೋಡಿ ಹೇಳಿದರು: "ನೆವಿಲ್, ನಿನಗೆ ತೇಲೋದು ಕಲಿಸಿದ್ದು ನಾನೇ. ಹಿಂಗೆ ಕಲಿಸಿದ ನೆನಪಿಲ್ಲ."

ಉಡುಪು ಮಾಡಿದ್ದು ಅವರಿಗಾಗಿಯೇ.

ನೋಲಾ ಟ್ರೆಂಬಾತ್ ಮೂವತ್ತೆಂಟು ವರ್ಷ ಈ ಕೊಳದಲ್ಲಿ ಊರ ಮಕ್ಕಳಿಗೆ ಈಜು ಕಲಿಸಿದವರು. ಅವರ ಪಾಠ ಸರಳ. ಮಗುವಿನ ತಲೆಯ ಕೆಳಗೆ ಒಂದು ಬೆರಳು ಇಟ್ಟುಕೊಂಡು, ನಿನ್ನೆ ಏನು ಊಟ ಮಾಡಿದೆ, ನಿಮ್ಮ ನಾಯಿ ಹೆಸರೇನು ಎಂದು ಮಾತಾಡಿಸುತ್ತಿದ್ದರು. ಬೆರಳು ಯಾವಾಗ ತೆಗೆದರು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ. ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಅರ್ಧ ಜನ ಅವರ ಶಿಷ್ಯರೇ.

ನಮ್ಮದೊಂದು ಚಳಿಗಾಲದ ಈಜುಕೂಟವಿದೆ. ನಾನು ಅದರ ಕಾರ್ಯದರ್ಶಿ, ಏಕೆಂದರೆ ಕಾರ್ಯದರ್ಶಿಯನ್ನು ಆರಿಸುವ ಸಭೆಗೆ ತಡವಾಗಿ ಹೋಗಿದ್ದೆ. ಇಲ್ಲಿನ ಚಳಿಗಾಲ, ಅಂದರೆ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ, ಪ್ರತಿ ಭಾನುವಾರ ನೀರಿಗಿಳಿಯಬೇಕು. ಮೂರು ಭಾನುವಾರ ತಪ್ಪಿದರೆ ಗೋಡೆಯ ಹಲಗೆಯಿಂದ ಹೆಸರು ಅಳಿಸುತ್ತೇವೆ. ನೋಲಾ ನಲವತ್ತೊಂದು ಚಳಿಗಾಲ ತಪ್ಪಿಸಿರಲಿಲ್ಲ. ಎಪ್ಪತ್ತೊಂದನೆಯ ವಯಸ್ಸಿಗೆ ಅವರ ಹೃದಯ ಸೋಲತೊಡಗಿತು. ಕಾಲು ಊದಿತು, ನಾಲ್ಕು ಮೆಟ್ಟಿಲಿಗೆ ಉಸಿರು ಕಟ್ಟುತ್ತಿತ್ತು, ರಾತ್ರಿ ಮೂರು ದಿಂಬು ಬೇಕಾಯಿತು. ಈಜು ನಿಂತು, ದಿನಾ ಬೆಳಗ್ಗೆ ಬರೀ ನೀರಲ್ಲಿ ಕೂರುವುದಾಯಿತು. ಕೂತರೆ ಈಜಿದ ಲೆಕ್ಕವೇ ಎಂದು ನಮ್ಮ ಸಮಿತಿ ಒಂದೂವರೆ ಗಂಟೆ ಚರ್ಚಿಸಿ, ಕೂದಲು ಒದ್ದೆಯಾದರೆ ಲೆಕ್ಕ ಎಂದು ನಿರ್ಣಯಿಸಿತು. ಅಂದಿನಿಂದ ನೋಲಾ ಹೊರಡುವ ಮುಂಚೆ ಒಮ್ಮೆ ತಲೆ ಮುಳುಗಿಸಿ, ನನ್ನ ಕಡೆ ನೋಡಿ, "ಬರ್ಕೊ" ಅನ್ನುತ್ತಿದ್ದರು.

ಮೇ ತಿಂಗಳಲ್ಲಿ ಅವರನ್ನೂ ಮಗಳು ಜನೆಲ್‌ಳನ್ನೂ ಸಿಡ್ನಿಯ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದದ್ದು ನಾನೇ. ಬೇರೆಯವರ ಹೃದಯ ಹಾಕಲು ವಯಸ್ಸು ಮೀರಿತ್ತು. ಉಳಿದದ್ದು ಪಂಪು. ನರ್ಸ್ ಅಥೀನಾ ಅದನ್ನು ಮೇಜಿನ ಮೇಲಿಟ್ಟಳು. ಮಧ್ಯಮ ಗಾತ್ರದ ಈರುಳ್ಳಿಯಷ್ಟಿತ್ತು. ಅದನ್ನು ಹೃದಯಕ್ಕೆ ಹೊಲಿಯುತ್ತಾರೆ. ಅದರ ವೈರು ಹೊಟ್ಟೆಯಲ್ಲಿ ಒಂದು ತೂತಿನಿಂದ ಹೊರಬರುತ್ತದೆ. ಹಗಲು ಸೊಂಟಕ್ಕೆ ಬ್ಯಾಟರಿ, ರಾತ್ರಿ ಗೋಡೆಯ ಪ್ಲಗ್ಗು. ಪಂಪು ಹಾಕಿದರೆ ಐದು ವರ್ಷವೋ, ಇನ್ನೂ ಹೆಚ್ಚೋ. ಹಾಕದಿದ್ದರೆ ಒಂದು ವರ್ಷವೇ ಹೆಚ್ಚು ಎಂದು ಡಾಕ್ಟರು ನೇರವಾಗಿ ಹೇಳಿದರು.

"ಇದನ್ನ ಹಾಕ್ಕೊಂಡು ನೀರಿಗಿಳೀಬಹುದಾ?" ನೋಲಾ ಕೇಳಿದರು.

"ಗಾಯ ಮಾಗಿದ ಮೇಲೆ ಷವರಿಗೆ ಬ್ಯಾಟರಿ ನೆನೆಯದ ಹಾಗೆ ಒಂದು ಚೀಲ ಕೊಡ್ತೀವಿ," ಅಂದಳು ಅಥೀನಾ. "ಕೊಳ, ಸಮುದ್ರ, ಬಾತ್‌ಟಬ್ಬು ಮಾತ್ರ ಯಾವುದೂ ಆಗಲ್ಲ."

"ಹಂಗಾದ್ರೆ ಬೇಡಮ್ಮ," ಅಂದರು ನೋಲಾ, ಚಹಾಕ್ಕೆ ಸಕ್ಕರೆ ಬೇಡ ಎಂಬಂತೆ.

ಡಾಕ್ಟರು ಯೋಚಿಸಲು ಸಮಯ ಕೊಟ್ಟರು. ಜುಲೈ ಮುಗಿಯುವುದರೊಳಗೆ ಹೇಳಬೇಕು, ಆಮೇಲೆ ಮೂತ್ರಪಿಂಡ ಕೈಕೊಟ್ಟರೆ ಆಪರೇಷನ್ ಮಾಡಲಾಗದು.

ಜನೆಲ್ ಶಾಲೆ ಬಸ್ಸಿನ ಡ್ರೈವರು, ಅಳುವವಳಲ್ಲ. ಕೂಟದ ಕೋಣೆಗೆ ಬಂದು ಅತ್ತಳು. "ಹೇಗಾದ್ರೂ ಒಪ್ಪಿಸ್ರೋ." ಕ್ಲಾರಿ ಕಾರ್ಖಾನೆಯ ನಿವೃತ್ತ ಫಿಟ್ಟರು. ಸೋರುವುದಕ್ಕೆಲ್ಲ ರಬ್ಬರಿನಲ್ಲಿ ಪರಿಹಾರವಿದೆ ಎಂದು ನಂಬಿದವನು. ವೈರೂ ಬ್ಯಾಟರಿಯೂ ಒದ್ದೆಯಾಗದೆ ನೀರಿಗಿಳಿಯುವ ಉಡುಪು ಹುಟ್ಟಿದ್ದು ಹಾಗೆ. ನಾನು ಭೂಗೋಳದ ಮೇಷ್ಟ್ರು, ಬಾಯಲ್ಲಿ ಒಪ್ಪಿಸಲು ಹೊರಟೆ.

"ಐದು ವರ್ಷ ನೋಲಾ. ಟಿವಿ ನೋಡಬಹುದು. ತೋಟದಲ್ಲಿ ಓಡಾಡಬಹುದು."

"ನಾನಿರೋದು ಎರಡನೇ ಮಹಡಿ ಫ್ಲಾಟಲ್ಲಿ ಕಣೋ."

ಹೀಗೆ ನಾನು ಸೋತಿದ್ದೆ. ಆ ಭಾನುವಾರ ಕ್ಲಾರಿಯೂ ಸೋತ. ಒದ್ದೆ ಬಿಸ್ಕತ್ತನ್ನು ಸೀಗಲ್ ಹಕ್ಕಿಗಳು ಮುಗಿಸುವ ಹೊತ್ತಿಗೆ ಜನೆಲ್ ಬಟ್ಟೆ ಸಮೇತ ಮೆಟ್ಟಿಲಿಗೆ ಬಂದು ತಾಯಿಯ ಪಕ್ಕ ಕೂತಳು.

"ಅಮ್ಮ, ನೀನು ಈಗ ಈಜೋದೇ ಇಲ್ಲ. ಸುಮ್ನೆ ಕೂತಿರ್ತೀಯ. ಇದಕ್ಕೋಸ್ಕರ ಸಾಯ್ತೀಯಾ?"

"ಚಳಿ ನೀರು ಬೇಡ ಅಂತ ಡಾಕ್ಟರೂ ಅಂದಿದಾರೆ. ಗೊತ್ತು."

"ನನ್ನ ಮೇಲೆ ಹೊರೆ ಆಗತ್ತೆ ಅಂತಾನಾ? ದಿನಾ ಆ ವೈರಿನ ತೂತಿಗೆ ಪಟ್ಟಿ ಬದಲಾಯಿಸೋದು ನಾನು ಕಲೀತೀನಿ ಅಂದ್ನಲ್ಲ."

"ಅದೂ ಸ್ವಲ್ಪ ಇದೆ. ಬೆಳಗ್ಗೆ ಆರಕ್ಕೆ ಬಸ್ ಹತ್ತೋಳು ನೀನು." ನೋಲಾ ಸ್ವಲ್ಪ ಉಸಿರು ತೆಗೆದುಕೊಂಡರು. "ಮೇಲೆ ಈ ಕಾಲು ಎರಡು ಮರಳುಮೂಟೆ, ಜನೆಲ್. ಕೂತ್ರೂ ಭಾರ, ಮಲಗಿದ್ರೂ ಭಾರ. ಇಲ್ಲಿ ಇಳಿದಾಗ ಭಾರ ಇರಲ್ಲ. ಇಪ್ಪತ್ತು ನಿಮಿಷ ನಾನು ಕಾಯಿಲೆಯೋಳಲ್ಲ. ಅದನ್ನ ಕೊಟ್ಟು ಐದು ವರ್ಷ ಕಾಯಿಲೆಯೋಳಾಗಿರೋದು ನನಗೆ ಒಗ್ಗಲ್ಲ. ಒಗ್ಗೋರು ಇದಾರೆ, ಹಾಕಿಸ್ಕೊಳ್ಲಿ."

"ನನಗೆ ನೀನು ಬೇಕು."

"ಗೊತ್ತು ಮಗಳೆ. ಅದಕ್ಕೇ ಎರಡು ತಿಂಗಳು ಯೋಚನೆ ಮಾಡಿದ್ದು. ಇಲ್ದಿದ್ರೆ ಮೊದಲ ದಿನವೇ ಬೇಡ ಅಂತ ಸಹಿ ಹಾಕಿ ಬರ್ತಿದ್ದೆ."

ಅಲೆಯೊಂದು ಗೋಡೆ ದಾಟಿ ಬಂದು ಇಬ್ಬರನ್ನೂ ನೆನೆಸಿತು. ಜನೆಲ್ ಮುಖದ ಉಪ್ಪುನೀರು ಒರೆಸಿಕೊಂಡು, "ಸಹಿ ಹಾಕೋವಾಗ ನಾನೂ ಪಕ್ಕದಲ್ಲಿರ್ತೀನಿ," ಅಂದಳು.

ಗುರುವಾರ ಮತ್ತೆ ಸಿಡ್ನಿಗೆ ಹೋದೆವು. ಡಾಕ್ಟರು ಎಲ್ಲವನ್ನೂ ಇನ್ನೊಮ್ಮೆ ಹೇಳಿ, ಮಾತ್ರೆ ಬದಲಿಸಿ, ಮನೆಗೆ ಬಂದು ನೋಡಿಕೊಳ್ಳುವ ನರ್ಸಿಗೆ ಚೀಟಿ ಬರೆದರು. ನೋಲಾ ಬೇಡವೆಂಬ ಕಾಗದಕ್ಕೆ ಸಹಿ ಹಾಕಿದರು. ಅವರ ಎಡಗೈ ಜನೆಲ್‌ಳ ಕೈಯಲ್ಲಿತ್ತು. ಅಥೀನಾ ಕಾಗದವನ್ನು ಕಡತಕ್ಕೆ ಸೇರಿಸಿ, ತಲೆಯೆತ್ತದೆ ಕೇಳಿದಳು:

"ಮನಸ್ಸು ಬದಲಾಯ್ತಾ ಅಂತ ಮುಂದಿನ ವಾರ ಒಂದ್ಸಲ ಫೋನ್ ಮಾಡ್ಲಾ?"

"ಮಾಡಮ್ಮ," ಅಂದರು ನೋಲಾ. "ಹತ್ತರ ಮೇಲೆ ಮಾಡು. ಅಲ್ಲೀವರೆಗೆ ನೀರಲ್ಲಿರ್ತೀನಿ."