ಗುಂಯ್ ಎಂದು ನಿಂತ ಮೋಟರು

ನಮ್ಮ ಮನೆಯ ಮೇಜಿನ ಪಂಖಾಕ್ಕೂ ನನ್ನಂತೆಯೇ ವಯಸ್ಸಾಗಿದೆ. ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ, ಕದಲುವುದಿಲ್ಲ. ಆಗ ಮನೆಯಾಕೆ ಬೀಸಣಿಗೆಯ ಹಿಡಿಯಿಂದ ರೆಕ್ಕೆಗೊಂದು ಏಟು ಕೊಟ್ಟು ತಿರುಗಿಸುತ್ತಾಳೆ, ನಾನು ಕೂತಲ್ಲೇ ಎದೆ ಹಿಡಿದುಕೊಳ್ಳುತ್ತೇನೆ. ನಗಬೇಡಿ ಗೆಳೆಯರೆ. ಆ ಸದ್ದು ಕಿವಿಗೆ ಬಿದ್ದೊಡನೆ ಮನಸ್ಸು ಬೆಂಗೇರಿಯ ಹಾದಿ ಹಿಡಿಯುತ್ತದೆ, ಯುದ್ಧದ ಕಾಲದ ಆ ಹತ್ತಿಯ ಜಿನ್ನಿಗೆ, ಗುರುಪಾದಪ್ಪ ಕಾಕಾನ ಬಳಿಗೆ.

ಹತ್ತಿಯಿಂದ ಕಾಳು ಬಿಡಿಸುವ ಆ ಕಾರ್ಖಾನೆಯಲ್ಲಿ ಅವರು ಎಲ್ಲರಿಗೂ ಕಾಕಾ. ಎಣ್ಣೆಯ ಇಂಜಿನ್ನಿದ್ದ ದಿನಗಳಲ್ಲಿ ಅದರ ದೊಡ್ಡ ಗಾಲಿಯನ್ನು ತೋಳುಬಲದಿಂದ ತಿರುವಿ ಚಾಲೂ ಮಾಡುತ್ತಿದ್ದವರು ಅವರೇ. ಆಮೇಲೆ ವಿದ್ಯುತ್ತಿನ ಮೋಟರು ಬಂತು, ಅದರ ಹಿಂದೆಯೇ ವಾಯರಮನ್ ಎಂದು ನಾನು ಬಂದೆ. ಇಂಜಿನ್ನು ಮೂಲೆ ಸೇರಿತು. ಕೆಲಸ ಹೋಗುವುದಕ್ಕಿಂತ, ತಾನಿಲ್ಲದೆಯೂ ಕೆಲಸ ಸಲೀಸಾಗಿ ನಡೆಯುವುದೇ ಮನುಷ್ಯನನ್ನು ಹೆಚ್ಚು ನೋಯಿಸುತ್ತದೆ. ಮೋಟರಿನಿಂದ ಯಂತ್ರಗಳಿಗೆ ಸುತ್ತಿದ ಚರ್ಮದ ಪಟ್ಟಾಕ್ಕೆ ಎಣ್ಣೆ ಸವರುತ್ತ ಸುಮ್ಮನೆ ಓಡಾಡುವ ಕಾಕಾನನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು.

ಒಂದು ಮುಂಜಾನೆ ಮೋಟರು ಗುಂಯ್ ಎಂದು ನಿಂತುಬಿಟ್ಟಿತು. ನಾನು ಸ್ವಿಚ್ ಆರಿಸಿ, ತಂತಿಯಲ್ಲಿ ವಿದ್ಯುತ್ತಿದೆಯೇ ಎಂದು ನೋಡುವ ಪರೀಕ್ಷೆಯ ದೀಪ ತರಲು ಹೋದೆ. ಬರುವಷ್ಟರಲ್ಲಿ ಕಾಕಾ ತಾವೇ ಸ್ವಿಚ್ ಹಾಕಿ, ಇಂಜಿನ್ನಿನ ರೂಢಿಯಂತೆ, ಪಟ್ಟಾ ಹಿಡಿದು ಜಗ್ಗಿದ್ದರು. ಅರರೇ, ಮೋಟರು ತಿರುಗುತ್ತಿತ್ತು!

"ಕಾಕಾನ ಕೈಯಾಗ ಜೀವಾ ಐತಿ ನೋಡ್ರಿ!" ಎಂದು ಹತ್ತಿ ಸುರಿಯುವ ಹೆಂಗಸರು ಕೂಗಿದರು. ಮಾಲಕರೂ ತಲೆದೂಗಿದರು. ಕಾಕಾನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆದರೆ ಆ ಗುಂಯ್ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಮೂರು ತಂತಿಗಳಲ್ಲಿ ಬರಬೇಕಾದ ವಿದ್ಯುತ್ತು ಎರಡರಲ್ಲೇ ಬಂದರೆ ಮೋಟರು ತಾನಾಗಿ ಏಳುವುದಿಲ್ಲ. ಕೈಯಿಂದ ಎಬ್ಬಿಸಿದರೆ ಓಡುತ್ತದೆ, ಓಡುತ್ತಲೇ ಒಳಗೊಳಗೆ ಬೇಯುತ್ತದೆ. ಸುಟ್ಟುಹೋದರೆ ಆ ಯುದ್ಧಕಾಲದಲ್ಲಿ ತಾಮ್ರದ ತಂತಿ ಎಲ್ಲಿಂದ ತರುವುದು? ಸುಗ್ಗಿಯ ಕೆಲಸ ಮುಳುಗಿ, ತಪ್ಪು ಕಾಕಾನ ತಲೆಗೆ ಬಂದು ಅವರು ಕೆಲಸದಿಂದ ಹೊರಬೀಳುತ್ತಿದ್ದರು. ಆರಿಸಿದರೆ ಎಲ್ಲರೆದುರು ಅವರ ಮಾನ ಹೋಗುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಮೋಟರಿನ ತಂತಿಗೆ ಬಳಿದ ಅರಗು ಸುಡುವ ವಾಸನೆ ಮೂಗಿಗೆ ಬಡಿಯಿತು. ಸ್ವಿಚ್ ಎಳೆದುಬಿಟ್ಟೆ.

"ಹೊಟ್ಟಿಕಿಚ್ಚೇನೋ ತಮ್ಮಾ?" ಎಂದರು ಕಾಕಾ.

"ಅಲ್ರಿ ಕಾಕಾ, ಒಂದು ತಂತ್ಯಾಗ ಫೇಜ್ ಬರಾಕತ್ತಿಲ್ಲ. ಬರ್ರಿ, ನೀವೇ ನೋಡ್ರಿ."

ಒಳಬರುವ ತಂತಿಗಳಿಗೆ ಒಂದೊಂದಾಗಿ ದೀಪ ಹಿಡಿದು ತೋರಿಸಿದೆ. ಎರಡಕ್ಕೆ ಬೆಳಗಿತು, ಮೂರನೆಯದಕ್ಕೆ ಬೆಳಗಲಿಲ್ಲ. ಗೋಡೆಯ ಪೆಟ್ಟಿಗೆಯಲ್ಲಿ ಸುಟ್ಟಿದ್ದ ಫ್ಯೂಜನ್ನು ತೆಗೆದು ಹೊಸದನ್ನು ಹಾಕಿದೆ.

"ಹಂಗಾರ ನನ್ನ ಕೈ ಇನ್ನ ಬ್ಯಾಡ ಅನ್ನು," ಎಂದರು ಕಾಕಾ, ನನಗಷ್ಟೇ ಕೇಳುವಂತೆ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಯಾಕ ಬ್ಯಾಡ್ರಿ? ಮೋಟರಿನ ಮೈ ಕಾದೈತಿ. ಆರೂತನಕಾ ಹಚ್ಚಂಗಿಲ್ಲ. ನೀವು ಮುಟ್ಟಿ ನೋಡಿ ಹೇಳ್ರಿ."

ಕಾಕಾ ಮೋಟರಿನ ಬೆನ್ನ ಮೇಲೆ ಅಂಗೈ ಇಟ್ಟರು. ಕೂಸಿನ ಹಣೆ ಮುಟ್ಟಿದಂತೆ ಹಾಗೆಯೇ ಬಹಳ ಹೊತ್ತು ನಿಂತರು. ಹೆಂಗಸರು, ಹಮಾಲರು, ಮಾಲಕರು, ಎಲ್ಲರೂ ಅವರ ಬಾಯನ್ನೇ ನೋಡುತ್ತ ಕಾದರು.

"ಜ್ವರಾ ಇಳದೈತಿ," ಎಂದರು ಕೊನೆಗೆ, ಗಟ್ಟಿ ದನಿಯಲ್ಲಿ. "ಈಗ ಹಚ್ಚಪಾ."