ಗರಡಿಗೆ ಹೋಗುವ ಮುಂಚಿನ ಅಂಬಲಿ

ಪ್ಲೇಗಿಗೆ ಹೆದರಿ ಹೊಲಕ್ಕೆ ಹೋಗಿದ್ದವರೆಲ್ಲ ನಮ್ಮೂರು ಸುರೇಬಾನಕ್ಕೆ ಮರಳಿದ ವರ್ಷದ ಮಾತು. ನಮ್ಮಣ್ಣ ಉಳವಪ್ಪ ಬೆಳಗಿನ ಹೊತ್ತು ಒಂದು ಕಡೆ ನಿಂತದ್ದನ್ನು ನಾನು ಕಂಡಿಲ್ಲ. ಕೋಳಿ ಕೂಗಿದೊಡನೆ ಎದ್ದು ಅಂಗಳದಲ್ಲಿ ಸುತ್ತುವನು, ಎತ್ತಿಗೆ ಬೈಯುವನು, ಹಗ್ಗ ಹುಡುಕಿ ಅದು ಸಿಕ್ಕ ಮೇಲೆ ಎಸೆಯುವನು. ಆಮೇಲೆ ಗರಡಿಗೆ ಓಟ. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲ. ಉಂಡು ಸಾಮು ಮಾಡಬಾರದೆಂಬುದು ಗರಡಿಯ ಕಟ್ಟಳೆ.

ದಂಡ, ಬೈಠಕು ಹೇಗೋ ಮುಗಿಯುತ್ತಿದ್ದವು. ಕುಸ್ತಿಗೆ ನಿಂತರೆ ಕೈ ನಡುಗಿ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತಂತೆ. ಕೆಳಗೆ ಬಿದ್ದರಂತೂ ಸಿಟ್ಟು ತಡೆಯದೆ ಮುಷ್ಟಿ ಎತ್ತುತ್ತಿದ್ದ. ಒಂದು ದಿನ ಅವನ ಕುಸ್ತಿಯ ಜೋಡಿ ದುರ್ಗಪ್ಪನ ಮೂಗಿನಿಂದ ರಕ್ತ ಬಂತು. ಇನ್ನೊಮ್ಮೆ ಕೈ ಎತ್ತಿದರೆ ಹೊಸ್ತಿಲು ತುಳಿಯಬೇಡ ಎಂದು ಗರಡಿಯ ಗುರು, ವಸ್ತಾದ ಶಟ್ಟೆಪ್ಪ ಹೇಳಿಬಿಟ್ಟ. ಗರಡಿ ತಪ್ಪಿದರೆ ಅಣ್ಣನಿಗೆ ಬದುಕಿನಲ್ಲಿ ಬೇರೆ ಸುಖವೇ ಇರಲಿಲ್ಲ.

ಅಣ್ಣನ ಹೆಂಡತಿ, ನಮ್ಮ ವೈನಿ ರಾಯವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು.

"ಉಪಾಸ ಇದ್ದ ಎತ್ತ ಹಾಯತೈತಿ, ಮೇದ ಎತ್ತ ದುಡೀತೈತಿ. ನೀವ ಯಾವದ ಆಗತೀರಿ ನೋಡ್ರಿ" ಎಂದಳು.

ಮರುದಿನ ನಸುಕಿನಲ್ಲೇ ರೊಟ್ಟಿ, ಬೆಣ್ಣೆ ಇಟ್ಟಳು. ಅಣ್ಣ ಬೇಡವೆಂದ, ಆಮೇಲೆ ಗಬಗಬ ತಿಂದು, ಬಾಯಿ ಒರೆಸಿಕೊಳ್ಳುತ್ತಲೇ ಓಡಿದ. ಬೈಠಕು ಹೊಡೆಯುವಾಗ ವಾಂತಿಯಾಗಿ, ತಿಂದದ್ದೆಲ್ಲ ಅಖಾಡದ ಮಣ್ಣಿಗೆ ಬಿತ್ತು. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ, ಕೈಮುಗಿದು ಕಾಲಿಡುವ ಮಣ್ಣು ಅದು. ಶಟ್ಟೆಪ್ಪ ಬೈಯಲಿಲ್ಲ. ಕೆಟ್ಟದ್ದನ್ನು ಅಗೆಸಿ ಹೊರಹಾಕಿಸಿದ. ಹೊಸ ಮಣ್ಣು ನೀನೇ ಹೊರಬೇಕು, ಅದು ಹದಕ್ಕೆ ಬರುವ ತನಕ ಅಖಾಡಕ್ಕೆ ಇಳಿಯಕೂಡದು ಎಂದ.

"ಉಳವ್ಯಾ, ಮಣ್ಣಿಗೂ ರೊಟ್ಟಿ ಉಣಿಸಿದೆಲ್ಲೊ" ಎಂದು ದುರ್ಗಪ್ಪ ನಕ್ಕನಂತೆ.

ಅಣ್ಣ ಇನ್ನು ಏನೂ ಮುಟ್ಟುವುದಿಲ್ಲವೆಂದು ಹಟ ಹಿಡಿದ. ವೈನಿ ಬಿಡಲಿಲ್ಲ. ಎದ್ದ ಕೂಡಲೇ ಒಂದು ಬಟ್ಟಲು ತೆಳ್ಳನೆಯ ಜೋಳದ ಅಂಬಲಿ ಕುಡಿಸಿ, ಎತ್ತಿಗೆ ಮೇವು ಹಾಕಿ ಕೊಟ್ಟಿಗೆ ಗುಡಿಸುವ ತನಕ ಹೊರಗೆ ಬಿಡುತ್ತಿರಲಿಲ್ಲ. ಅಂಬಲಿ ಅರಗಿದ ಮೇಲೆ ಗರಡಿಗೆ ಮಣ್ಣಿನ ಬುಟ್ಟಿ ಹೊರಲು ಹೋಗುತ್ತಿದ್ದ. ಹೊತ್ತರೂ ಕಾಲು ನಡುಗಲಿಲ್ಲ. ದುರ್ಗಪ್ಪನ ಮಾತು ಕಿವಿಗೆ ಬಿದ್ದರೂ ಎದೆಗೆ ನಾಟಲಿಲ್ಲ. ಆದರೂ ಗರಡಿಗೆ ತಿರುಗಿ ಸೇರಿಸುವರೋ ಇಲ್ಲವೋ ಎಂಬ ತಳಮಳ ಹೋಗಲಿಲ್ಲ.

ಕಡೆಗೆ ಅವನನ್ನು ಅಖಾಡಕ್ಕೆ ಇಳಿಸಿದರು. ದುರ್ಗಪ್ಪ ಬೇಕೆಂದೇ ಕೆಳಗೆ ಕೆಡವಿ, ಮೊಣಕೈಯಿಂದ ಕುತ್ತಿಗೆ ಒತ್ತಿದ. ಎಲ್ಲರ ಕಣ್ಣೂ ಅಣ್ಣನ ಬಲಗೈ ಮೇಲೆ. ಮುಷ್ಟಿ ಬಿಗಿಯಿತು. ಬಿಚ್ಚಿಕೊಂಡಿತು. ಅವನು ಮೆಲ್ಲಗೆ ನುಸುಳಿ, ಮೇಲೆದ್ದು ನಿಂತ.

ಏನು ತಿಂದು ಬಂದೆ ಎಂದು ಶಟ್ಟೆಪ್ಪ ಕೇಳಿದ. ಆ ಮಣ್ಣಿನ ಮೇಲೆ ನಿಂತು ಸುಳ್ಳು ಹೇಳಲು ಅಣ್ಣನಿಗೆ ಬಾಯಿ ಬರಲಿಲ್ಲ.

"ಅಂಬಲಿ ಕುಡದೇನ್ರಿ. ನಸುಕಿನ್ಯಾಗ."

ಶಟ್ಟೆಪ್ಪ ಅವರಿಬ್ಬರ ಕೈಗಳನ್ನೂ ನೋಡಿದ. ಕಟ್ಟಳೆ ಅವನ ಅಜ್ಜನ ಕಾಲದ್ದು.

"ನಾಳೆ ಬರುವಾಗ ದುರ್ಗಪ್ಪಗೂ ಒಂದ ಚರಿಗಿ ಅಂಬಲಿ ತಗೊಂಡ ಬಾ" ಎಂದ. "ಅಂವನ ಕೈ ನೋಡ, ಹ್ಯಾಂಗ ನಡಗಾಕತ್ತಾವು."