ಗಾಜಿನ ಮುಂದಿನ ತಂತಿ

ಟ್ಯಾಂಕಿಗೆ ಪೆಟ್ರೋಲ್ ಸುರಿಯುತ್ತಿದ್ದಂತೆ ಹಳೆಯ ವಿಮಾನದ ಮೂಗಿನ ಮೇಲೆ, ಪೈಲಟ್ ನೋಡುವ ಗಾಜಿನ ಮುಂದೆ, ತಂತಿಯೊಂದು ಮೆಲ್ಲಗೆ ಮೇಲೆದ್ದಿತು. ನಾನು ನಿಂತಲ್ಲೇ ನಿಂತೆ.

ಗೋಣಿಕೊಪ್ಪಲು ಸಮೀಪದ ತಮ್ಮ ಕಾಫಿ ಗೋದಾಮಿನಲ್ಲಿ ಗೆಳೆಯ ಬೋಪಯ್ಯ ಈ ಒಂಟಿ ಎಂಜಿನ್ನಿನ ವಿಮಾನವನ್ನು ರಿಪೇರಿ ಮಾಡುತ್ತಿದ್ದಾರೆ. "ಟ್ಯಾಂಕ್ ಒಳಗೆ ಬೆಂಡು ತೇಲುತ್ತೆ, ಅದಕ್ಕೆ ಸಿಕ್ಕಿಸಿರೋದು ಈ ತಂತಿ. ಪೆಟ್ರೋಲ್ ಕಮ್ಮಿಯಾಗಿ ತಂತಿ ಇಳಿದ್ರೆ ನಾವೂ ಇಳೀಬೇಕು, ಅಷ್ಟೇ," ಎಂದರು. ಮೈಸೂರಿನಲ್ಲಿ ಹೊಸ ವಿಮಾನ ಹಾರಿಸಲು ಕಲಿಯುತ್ತಿರುವ ಅವರ ಮಗಳು ನಕ್ಕಳು: "ನಮ್ದರಲ್ಲಿ ಇನ್ನೆಷ್ಟು ಹೊತ್ತು ಹಾರಬಹುದು ಅಂತ ಸ್ಕ್ರೀನೇ ಹೇಳುತ್ತೆ ಅಂಕಲ್. ಅಪ್ಪಂದು ಮೀನಿನ ಗಾಳ!"

ನನಗೆ ಏಳು ವರ್ಷವಿದ್ದಾಗ ತೋಟದ ಮಾಲೀಕರೊಬ್ಬರು ನನ್ನನ್ನೂ ಅಕ್ಕನನ್ನೂ ಸರದಿಯಂತೆ ಇಂಥದೇ ವಿಮಾನದಲ್ಲಿ ಒಂದು ಸುತ್ತು ಹಾರಿಸಿದ್ದರು. ಗಾಜಿನಾಚೆ ಕುಣಿಯುತ್ತಿದ್ದ ತಂತಿ ನೆನಪಿತ್ತು. ಎಂಜಿನಿಯರಿಂಗ್ ಓದಿದ ಮೇಲೆ ಅದನ್ನು ಮಕ್ಕಳ ಕಲ್ಪನೆಯೆಂದು ತಳ್ಳಿಹಾಕಿದ್ದೆ. ಕಳೆದ ತಿಂಗಳು ಅಕ್ಕ ಮೊಮ್ಮಕ್ಕಳಿಗೆ ಆ ತಂತಿಯ ಕಥೆ ಹೇಳುತ್ತಿದ್ದಾಗ, ಎಲ್ಲರ ಮುಂದೆ "ಅದೆಲ್ಲ ಸುಳ್ಳು" ಎಂದುಬಿಟ್ಟಿದ್ದೆ. ಅಂದಿನಿಂದ ಅವಳು ನನ್ನೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ.

ಗೋದಾಮಿನಿಂದಲೇ ಫೋನ್ ಮಾಡಿದೆ. "ಅಕ್ಕಾ, ತಂತಿ ಇತ್ತು."

"ನಂಗೊತ್ತಲ್ಲೋ. ನಿನ್ನನ್ನ ನಂಬ್ಸೋಕೆ ವಿಮಾನಾನೇ ಬರ್ಬೇಕಾಯ್ತಾ?"

ಹೊಸ ವಿಮಾನವೇ ಹೆಚ್ಚು ಸಲೀಸು ಎಂಬುದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಆದರೆ ಆ ಭಾನುವಾರ ಸುಂಟಿಕೊಪ್ಪದ ಅಕ್ಕನ ಮನೆಗೆ ಹೋಗಿ, ಮೊಮ್ಮಕ್ಕಳ ಎದುರೇ ಅವಳ ಕ್ಷಮೆ ಕೇಳಿದೆ. ಚಿಕ್ಕಂದಿನಲ್ಲಿ ನಾವು ಹಾರಿದ್ದ ವಿಮಾನ ಹಳದಿ ಬಣ್ಣದ್ದು ಎಂದಳು; ನನ್ನ ನೆನಪಿನಲ್ಲಿ ಅದು ನೀಲಿ. ತಿದ್ದಲು ಹೋಗಲಿಲ್ಲ.